ಪಥ್ಯದ ಮನೆಯಲ್ಲಿ ಒಂದು ಒಗ್ಗರಣೆ

ನನ್ನ ಅತ್ತೆ ಕಾಮಾಲೆಗೆ ಮದ್ದು ಕೊಡುವವರಾಗಿದ್ದರು. ಬಂಟ್ವಾಳ ಪೇಟೆಯಲ್ಲಿ ಬಸ್ಸಿಳಿದು ‘ಹಳದಿಗೆ ಮದ್ದು ಕೊಡುವ ಮನೆ ಯಾವುದು’ ಎಂದು ಕೇಳಿದರೆ ಯಾರು ಬೇಕಾದರೂ ನಮ್ಮ ಮನೆಯ ದಾರಿ ತೋರಿಸುತ್ತಿದ್ದರು. ಕೊಕ್ಕಡದಿಂದ, ಕನ್ಯಾನದಿಂದ, ಬೆಳ್ತಂಗಡಿಯ ಆಚೆಯ ಊರುಗಳಿಂದ ಜನ ಬರುತ್ತಿದ್ದರು. ಬರುವವರು ಒಂದು ಕರಟದಲ್ಲಿ ನಾಲ್ಕು ಅಗುಳು ಅನ್ನ ತರಬೇಕು. ರೋಗಿಯ ಮೂತ್ರದಲ್ಲಿ ನೆನೆಹಾಕಿಟ್ಟ ಅನ್ನ. ಅತ್ತೆ ಅದನ್ನು ಅಂಗಳದ ಬಿಸಿಲಿಗೆ ಹಿಡಿದು ನೋಡುವರು. ಅಗುಳು ಹಳದಿಯಾಗಿದ್ದರೆ ಕಾಮಾಲೆ. ಮೂರು ಬೆಳಗ್ಗೆ ಖಾಲಿ ಹೊಟ್ಟೆಗೆ ದನದ ಹಾಲಿನಲ್ಲಿ ಅರೆದ ಸೊಪ್ಪು. ಆ ಸೊಪ್ಪು ಯಾವುದೆಂದು ನಾನು ಇಲ್ಲಿ ಬರೆಯುವುದಿಲ್ಲ. ಗುಟ್ಟಿನ ಮಾತಲ್ಲ, ಯಾರಾದರೂ ಓದಿ ಅರೆದು ಕುಡಿದುಬಿಟ್ಟಾರು ಎಂಬ ಭಯ.

ಮದ್ದಿಗಿಂತ ದೊಡ್ಡದು ಪಥ್ಯ. ಎಣ್ಣೆ ಇಲ್ಲ, ಖಾರ ಇಲ್ಲ, ಸಾಸಿವೆ ಇಲ್ಲ, ಅರಸಿನವಂತೂ ಇಲ್ಲವೇ ಇಲ್ಲ. ಹಳದಿ ಹಿಡಿದ ಮೈಗೆ ಮತ್ತೆ ಹಳದಿ ತಿನ್ನಿಸುವುದುಂಟೇ ಎಂದು ಅತ್ತೆ ಕೇಳುತ್ತಿದ್ದರು. ಬಿಳಿ ಗಂಜಿ, ಬಿಳಿ ಮಜ್ಜಿಗೆ, ಅಷ್ಟೆ. ಗುಣವಾದರೆ ಮದ್ದಿನ ಹೆಸರು. ಆಗದಿದ್ದರೆ ಅತ್ತೆಯ ಬಾಯಿಯಿಂದ ಒಂದೇ ಮಾತು ಬರುತ್ತಿತ್ತು, “ಪಥ್ಯ ತಪ್ಪಿದೆ.” ಪಥ್ಯ ತಪ್ಪಿದ್ದು ಎಂದರೆ ಅಡುಗೆ ಮಾಡಿದವಳು ತಪ್ಪಿಸಿದ್ದು ಎಂದೇ ಅರ್ಥ. ನಮ್ಮ ಜಗಲಿಯಲ್ಲಿ ಎಷ್ಟೋ ಹೆಂಗಸರು ತಲೆ ತಗ್ಗಿಸಿ ನಿಂತದ್ದನ್ನು ನಾನು ನೋಡಿದ್ದೇನೆ. ಯಾರದೋ ಹೆಂಡತಿ, ಯಾರದೋ ಸೊಸೆ. ಮದುವೆಯಾಗಿ ಬಂದ ಹೊಸತರಲ್ಲಿ ನನಗೂ ಅದು ಸರಿ ಎಂದೇ ಕಂಡಿತ್ತು, ಸುಳ್ಳು ಯಾಕೆ ಹೇಳಲಿ. ಗಂಡ ಮಲಗಿರುವಾಗ ನಾಲಗೆಯ ಚಪಲ ತಡೆಯಲಾಗದ ಹೆಂಗಸು ಎಂಥವಳು ಎಂದು ನಾನೂ ಮನಸ್ಸಿನಲ್ಲಿ ಬೈದದ್ದುಂಟು.

ನನ್ನ ತವರು ಮೂಡುಬಿದಿರೆ. ಎಂಟನೇ ಕ್ಲಾಸಿನವರೆಗೆ ಓದಿದ್ದೆ. ಆ ಕಾಲಕ್ಕೆ ಅದು ಕಡಿಮೆಯೇನಲ್ಲ. “ಇವಳಿಗೆ ಅಕ್ಷರವೂ ಉಂಟು, ಬಾಯಿಯೂ ಉಂಟು, ಎರಡೂ ಒಟ್ಟಿಗೆ ಇರಬಾರದಿತ್ತು” ಎಂದು ಅತ್ತೆ ನೆರೆಮನೆಯವರ ಹತ್ತಿರ ಹೇಳುತ್ತಿದ್ದರು. ಗಂಡ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ವರ್ಷಕ್ಕೊಮ್ಮೆ ಬರುತ್ತಿದ್ದರು, ತಿಂಗಳಿಗೊಂದು ಕಾಗದ. ಮನೆಯಲ್ಲಿ ನಾನು, ಅತ್ತೆ, ಮಾವ ಮೂರೇ ಜನ.

ಮಾವ ಬಸ್ ಏಜೆಂಟ್. ಪೇಟೆಯ ಕಟ್ಟೆಯಲ್ಲಿ ನಿಂತು “ಬೆಳ್ತಂಗಡಿ, ಉಜಿರೆ, ಧರ್ಮಸ್ಥಳ, ಸೀಟು ಉಂಟು, ಸೀಟು ಉಂಟು” ಎಂದು ಕೂಗುವುದು ಅವರ ಉದ್ಯೋಗ. ಸೀಟು ಇದ್ದರೂ ಅದೇ ಕೂಗು, ಇಲ್ಲದಿದ್ದರೂ ಅದೇ ಕೂಗು. ಆ ಸ್ವರ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು, ಅದು ಕೇಳಿದರೆ ನಾನು ಒಲೆಗೆ ಅನ್ನದ ಎಸರು ಇಡುತ್ತಿದ್ದೆ. ಊಟದ ವಿಷಯದಲ್ಲಿ ಅವರು ದೊಡ್ಡ ಮನುಷ್ಯ. ಹುರುಳಿ ಸಾರಿಗೆ ಒಗ್ಗರಣೆ ಬಿದ್ದ ಸದ್ದು ಕೇಳಿಯೇ ಮಣೆ ಹಾಕಿ ಕೂರುವರು.

ಅವರ ಕಾಯಿಲೆ ಹಳದಿಯಿಂದ ಶುರುವಾದದ್ದಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಡೀ ಜಗಳ ಇದರ ಮೇಲೆಯೇ ನಿಂತದ್ದು. ಮೊದಲು ಬಟ್ಟಲಿನಲ್ಲಿ ಅರ್ಧ ಅನ್ನ ಉಳಿಯತೊಡಗಿತು. ಎರಡು ತುತ್ತು ಉಂಡು “ಹೊಟ್ಟೆ ತುಂಬಿತು ಮಗಾ” ಎಂದು ಏಳುತ್ತಿದ್ದರು. ಸೊಂಟದ ಬೆಲ್ಟಿಗೆ ಚಮ್ಮಾರನ ಹತ್ತಿರ ಹೊಸ ತೂತು ಹಾಕಿಸಿದರು. ತೋಳು, ಕೆನ್ನೆ ಇಳಿದವು, ಆದರೆ ಬಲಗಡೆ ಪಕ್ಕೆಲುಬಿನ ಕೆಳಗೆ ಏನೋ ಭಾರ ಎಂದು ಅಂಗೈ ಒತ್ತಿ ಕೂರುತ್ತಿದ್ದರು. ಬಲ ಹೆಗಲು ನೋವು ಎಂದು ನನ್ನ ಹತ್ತಿರ ಎಣ್ಣೆ ಕೇಳಿ ತಾವೇ ತಿಕ್ಕಿಕೊಂಡರು. ಕೂಗು ಸಣ್ಣದಾಯಿತು. ಒಂದು ದಿನ ಅಡುಗೆಮನೆಗೆ ಕೇಳಿಸಲೇ ಇಲ್ಲ, ನಾನು ಎಸರಿಡುವುದು ತಡವಾಯಿತು. ಈಗ ಬರೆಯುವಾಗ ಇವೆಲ್ಲ ಸಾಲಾಗಿ ನಿಂತು ಕಾಣುತ್ತವೆ. ಆಗ ಪ್ರಾಯವಾಯಿತು ಎಂದುಕೊಂಡೆವು. ಅವರಿಗೆ ಐವತ್ತೆಂಟೋ ಅರುವತ್ತೋ ಇದ್ದಿರಬೇಕು.

ಕಣ್ಣು ಹಳದಿಯಾದದ್ದು ಇಷ್ಟೆಲ್ಲ ಆಗಿ ನಾಲ್ಕೈದು ತಿಂಗಳ ಮೇಲೆ. ಅತ್ತೆಗೆ ಆ ದಿನ ಒಂದು ರೀತಿಯಲ್ಲಿ ಸಮಾಧಾನವೇ ಆಯಿತು. ಇಷ್ಟು ದಿನ ಹೆಸರಿಲ್ಲದ ಕಾಯಿಲೆ, ಈಗ ತಮ್ಮ ಕೈಗೆ ಸಿಕ್ಕಿತಲ್ಲ! “ಹಳದಿ ತಾನೇ? ಮೂರು ಬೆಳಗ್ಗೆಯ ಕೆಲಸ” ಎಂದರು. ಸಾಸಿವೆ, ಅರಸಿನ, ಮೆಣಸಿನ ಡಬ್ಬಿಗಳನ್ನೂ ಎಣ್ಣೆಯ ಕುಪ್ಪಿಯನ್ನೂ ಅಟ್ಟಕ್ಕೆ ಏರಿಸಿದರು. ಮೂರು ಬೆಳಗ್ಗೆ ಕಳೆಯಿತು. ಮತ್ತೆ ಮೂರು, ಮತ್ತೂ ಮೂರು. ಹಳದಿ ಇಳಿಯಲಿಲ್ಲ.

ಮೂರನೇ ವಾರದ ಒಂದು ಮಧ್ಯಾಹ್ನ ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ಮಾವ ಅಡುಗೆಮನೆಯ ಬಾಗಿಲಿಗೆ ಬಂದು ಗೋಡೆ ಹಿಡಿದು ನಿಂತರು.

“ಮಗಾ, ಬಾಯಿ ಸತ್ತು ಹೋಗಿದೆ. ಈ ಬಿಳಿ ಗಂಜಿ ಕಂಡರೆ ವಾಕರಿಕೆ ಬರ್ತದೆ. ಒಂದು ಚಮಚ ಒಗ್ಗರಣೆ ಹಾಕಿ ಕೊಡ್ತೀಯಾ?”

“ಅತ್ತೆಗೆ ಗೊತ್ತಾದರೆ ಮಾವ?”

“ಗೊತ್ತಾದರೆ ಎಂತ, ನನ್ನನ್ನು ಬಸ್ಸು ಹತ್ತಿಸಿ ಕಳಿಸ್ತಾಳಾ?”

ಮನೆಯಲ್ಲಿ ಬೆಳಿಗ್ಗೆ ಬೇಯಿಸಿದ ಹುರುಳಿ ಇತ್ತು. ಅಟ್ಟ ಹತ್ತಿದೆ. ಒಂದು ಚಮಚ ತೆಂಗಿನೆಣ್ಣೆ, ಸಾಸಿವೆ, ಒಂದು ಕೆಂಪು ಮೆಣಸು, ಎರಡು ಎಸಳು ಕರಿಬೇವಿನ ಸೊಪ್ಪು. ಕದ್ದು ಮಾಡುವ ಕೆಲಸಕ್ಕೆ ಒಗ್ಗರಣೆಯಷ್ಟು ಕೆಟ್ಟ ಕೆಲಸ ಬೇರೆ ಇಲ್ಲ. ಚಟಪಟ ಸದ್ದು ನೆರೆಮನೆಗೆ ಹೋಯಿತು, ಪರಿಮಳ ಬೀದಿಗೆ ಹೋಯಿತು. ಮಾವ ತಿಂಗಳ ಮೇಲೆ ಮೊದಲ ಸಲ ಒಂದು ಬಟ್ಟಲು ಪೂರ್ತಿ ಉಂಡರು. ನನಗೆ ಸಂತೋಷವಾಯಿತು. ಅತ್ತೆ ಬೇಲಿಯ ದಣಪೆ ದಾಟುವಾಗಲೇ ಮೂಗೇರಿಸಿದರು. ನೇರ ಒಳಗೆ ಬಂದು ಒಲೆಯ ಮೇಲಿದ್ದ ಸೌಟನ್ನು ನೋಡಿದರು, ನನ್ನನ್ನು ನೋಡಿದರು. ಏನೂ ಹೇಳಲಿಲ್ಲ.

ಹೇಳಿದ್ದು ಮುಂದಿನ ವಾರ, ಮಾವನ ಕಾಲು ಬಾತು ಹೊಟ್ಟೆಯಲ್ಲಿ ನೀರು ತುಂಬಿದಾಗ. “ಪಥ್ಯ ತಪ್ಪಿತು. ಮನೆಯೊಳಗೇ ತಪ್ಪಿತು.” ನೋಡಲು ಬಂದವರಿಗೆಲ್ಲ ಅದೇ ಮಾತು. ಬಂದವರು ಮಾವನನ್ನು ಅರ್ಧ ಗಳಿಗೆ ನೋಡುವರು, ಮತ್ತೆ ನನ್ನನ್ನು ನೋಡುವರು. ಯಾರೋ ಬೊಂಬಾಯಿಗೂ ಸುದ್ದಿ ಮುಟ್ಟಿಸಿದರು. ಗಂಡನ ಕಾಗದ ಬಂತು, ‘ಇನ್ನಾದರೂ ಅಮ್ಮ ಹೇಳಿದ ಹಾಗೆ ನಡೆದುಕೊ.’ ಆ ಕಾಗದವನ್ನು ನಾಲ್ಕಾಗಿ ಮಡಚಿ ಒಲೆಗೆ ಹಾಕಿದೆ.

ಸಿಟ್ಟು ಬಂದದ್ದು ನಿಜ, ಆದರೆ ಒಳಗೆ ನಾನೂ ನಂಬಿದ್ದೆ. ಒಂದು ಚಮಚ ಎಣ್ಣೆಯಿಂದ ಈ ಮನುಷ್ಯನನ್ನು ನಾನು ಕೊಲ್ಲುತ್ತಿದ್ದೇನೆಯೇ? ಹೀಗೆ ಎಂಟು ಹತ್ತು ದಿನ ಹೋದ ಮೇಲೆ ಒಂದು ಬೆಳಿಗ್ಗೆ ಗಟ್ಟಿಮಾಡಿಕೊಂಡೆ. ತಪ್ಪು ನನ್ನದಾದರೆ ಜೀವಮಾನವಿಡೀ ಹೊರುತ್ತೇನೆ. ಆದರೆ ಅದು ಏನೆಂದು ನನಗೆ ಗೊತ್ತಾಗಲೇಬೇಕು. ಅನ್ನದ ಅಗುಳು ನೋಡಿ ಹೇಳಿದ್ದು ಸಾಲದು, ಹೊಟ್ಟೆಯನ್ನೇ ನೋಡಿ ಹೇಳುವವರು ಬೇಕು. ಮೂಡುಬಿದಿರೆಯಲ್ಲಿ ನನ್ನ ತವರಿನ ಬೀದಿಯಲ್ಲೇ ಒಬ್ಬರು ಡಾಕ್ಟರಿದ್ದರು, ಮದರಾಸಿನಲ್ಲಿ ಕಲಿತು ಬಂದವರು.

“ನನ್ನ ಮದ್ದು ಹೊಟ್ಟೆಯಲ್ಲಿ ಇರುವಾಗ ಇಂಗ್ಲಿಷ್ ಮದ್ದು ಬೀಳಬಾರದು” ಎಂದರು ಅತ್ತೆ.

“ಬೀಳುವುದಿಲ್ಲ. ತೋರಿಸಿಕೊಂಡು ಬರ್ತೇವೆ, ಅಷ್ಟೆ.”

“ತೋರಿಸಿ ಎಂತ ಮಾಡುವುದು? ಪಥ್ಯ ತಪ್ಪಿದ್ದು ಅಲ್ಲಿ ಹೋದರೆ ಸರಿಯಾಗ್ತದಾ?”

“ತಪ್ಪಿದ್ದು ಹೌದಾ ಅಲ್ಲವಾ ಎಂದು ಕೇಳ್ಲಿಕ್ಕೆ ಹೋಗುವುದು ಅತ್ತೆ.”

ಮಂಚದ ಮೇಲಿದ್ದ ಮಾವ ಎದ್ದು ಕೂತರು. “ಹೋಗುವ” ಎಂದರು. ಅಲ್ಲಿಗೆ ಮಾತು ಮುಗಿಯಿತು.

ಮಾವ ಬರುತ್ತಾರೆಂದು ತಿಳಿದು ಡ್ರೈವರ್ ಬಸ್ಸನ್ನು ಮನೆಯ ಎದುರಿಗೇ ತಂದು ನಿಲ್ಲಿಸಿದ. ಮುಂದಿನ ಸೀಟು ಬಿಟ್ಟುಕೊಟ್ಟರು. ಸಿದ್ಧಕಟ್ಟೆಯಲ್ಲಿ ಜನ ಹತ್ತುವಾಗ ಮಾವ ಕಿಟಕಿಗೆ ಬಾಗಿ “ಸೀಟು ಉಂಟು, ಸೀಟು ಉಂಟು” ಎಂದರು. ನನಗೆ ಮಾತ್ರ ಕೇಳಿಸಿತು. ಅವರು ನಕ್ಕರು, ನಾನು ಕಿಟಕಿಯ ಹೊರಗೆ ನೋಡಿದೆ.

ಡಾಕ್ಟರು ಮೊದಲು ಕೇಳಿದ್ದು ಕುಡಿಯುವ ಅಭ್ಯಾಸ ಇತ್ತೇ ಎಂದು. “ನನ್ನ ಹೊಟ್ಟೆಗೆ ಹೋದದ್ದು ಬಸ್ಸಿನ ಹೊಗೆ ಮಾತ್ರ ಡಾಕ್ಟ್ರೇ” ಎಂದರು ಮಾವ. ಅದು ಸತ್ಯ. ಕಳ್ಳಭಟ್ಟಿಯ ವಾಸನೆ ಬಂದವನನ್ನು ಅವರು ಬಸ್ಸಿಗೇ ಹತ್ತಿಸುತ್ತಿರಲಿಲ್ಲ. ಡಾಕ್ಟರು ಅವರನ್ನು ಮೇಜಿನ ಮೇಲೆ ಮಲಗಿಸಿ, ಅಂಗೈಯನ್ನು ಬಲಪಕ್ಕೆಯ ಕೆಳಗೆ ಚಪ್ಪಟೆಯಾಗಿ ಇಟ್ಟು, “ಉಸಿರು ಒಳಗೆ ಎಳೆಯಿರಿ, ಬಿಡಿ, ಇನ್ನೊಮ್ಮೆ” ಎಂದು ಬಹಳ ಹೊತ್ತು ಹಾಗೇ ನಿಂತರು. ಅವರ ಮುಖ ಬದಲಾದದ್ದನ್ನು ನಾನು ಕಂಡೆ.

“ಎಂತ ಸಿಕ್ಕಿತು ಡಾಕ್ಟ್ರೇ?” ಎಂದೆ.

“ಹೊರಗೆ ಬನ್ನಿ, ಹೇಳ್ತೇನೆ.”

“ಹೇಳುವ ಮೊದಲು ನಾನು ಒಮ್ಮೆ ಕೈ ಇಟ್ಟು ನೋಡ್ಲಾ?”

ಸೊಸೆ ಮಾವನ ಎದುರು ಕೂತು ಮಾತಾಡುವುದೇ ಹೆಚ್ಚೆನಿಸುತ್ತಿದ್ದ ಕಾಲ ಅದು. ಡಾಕ್ಟರು ತಬ್ಬಿಬ್ಬಾದರು. ಮಾವ ಮಲಗಿದಲ್ಲಿಂದಲೇ, “ಇಡು ಮಗಾ. ನೀನೇ ನೋಡು” ಎಂದರು. ಡಾಕ್ಟರು ನನ್ನ ಅಂಗೈಯನ್ನು ಜಾಗಕ್ಕೆ ಸರಿಸಿದರು. ಮಾವ ಉಸಿರೆಳೆದಾಗ ಒಳಗಿನಿಂದ ಒಂದು ಗಟ್ಟಿ ಅಂಚು ಇಳಿದು ಬಂದು ನನ್ನ ಬೆರಳಿಗೆ ತಾಗಿತು. ನುಣುಪಾಗಿರಲಿಲ್ಲ. ಬಟ್ಟೆಚೀಲದಲ್ಲಿ ಹಾಕಿದ ಕೆಸುವಿನ ಗಡ್ಡೆಗಳ ಹಾಗೆ ಉಬ್ಬು ಉಬ್ಬಾಗಿತ್ತು.

ಹೊರಗಿನ ಬೆಂಚಿನಲ್ಲಿ ಕೂರಿಸಿ ಡಾಕ್ಟರು ವಿವರಿಸಿದರು. ಅದು ಪಿತ್ತಜನಕಾಂಗ. ಆ ಹೆಸರನ್ನು ನಾನು ಎಂಟನೇ ಕ್ಲಾಸಿನ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದೆ, ಆದರೆ ಮನುಷ್ಯರ ಮೈಯಲ್ಲಿ ಅದು ಎಲ್ಲಿದೆ ಎಂದು ಯಾರೂ ತೋರಿಸಿಕೊಟ್ಟಿರಲಿಲ್ಲ. “ಅದರಲ್ಲಿ ಗಡ್ಡೆ ಬೆಳೆದಿದೆ. ಕ್ಯಾನ್ಸರ್ ಎಂದು ನನಗೆ ಕಾಣ್ತದೆ. ಮಂಗಳೂರಿಗೆ ಹೋಗಿ ಖಚಿತ ಮಾಡಿಕೊಳ್ಳುವ. ಪಿತ್ತಜನಕಾಂಗ ಬಹಳ ದೊಡ್ಡ ಅಂಗ, ಬಹಳ ತಾಳ್ಮೆಯದ್ದು. ಅರ್ಧ ಹಾಳಾದರೂ ಉಳಿದ ಅರ್ಧದಿಂದ ಕೆಲಸ ಮಾಡ್ತದೆ, ದೂರು ಹೇಳುವುದಿಲ್ಲ. ಮೊದಲು ಊಟ ಸೇರುವುದಿಲ್ಲ, ಮೈ ಇಳಿಯುತ್ತದೆ. ಹಳದಿ ಬರುವುದು ಎಷ್ಟೋ ಸಲ ಕೊನೆಗೆ.”

“ಹಾಗಾದರೆ ಇದು ಕಾಮಾಲೆ ಅಲ್ಲವಾ?”

“ಕಾಮಾಲೆ ಎಂಬುದು ಗುರುತು ಅಮ್ಮಾ, ರೋಗ ಅಲ್ಲ. ಒಳಗೆ ಏನೋ ಆಗಿದೆ ಎಂದು ಕಣ್ಣು ಹೇಳುವುದು. ಏನಾಗಿದೆ ಎಂದು ಕಣ್ಣು ಹೇಳುವುದಿಲ್ಲ.”

ಆಗ ನಾನು ಬಂದ ಕೆಲಸ ಕೇಳಿಯೇಬಿಟ್ಟೆ. “ನಾನು ಒಂದು ದಿನ ಒಗ್ಗರಣೆ ಹಾಕಿದ್ದೆ. ಪಥ್ಯದಲ್ಲಿ. ಒಂದು ಚಮಚ ತೆಂಗಿನೆಣ್ಣೆ, ಸಾಸಿವೆ.”

ಡಾಕ್ಟರು ನಗಲಿಲ್ಲ. ಅದಕ್ಕಾಗಿ ಅವರನ್ನು ಇಂದಿಗೂ ನೆನೆಯುತ್ತೇನೆ. “ನಿಮ್ಮ ಕೈಗೆ ಸಿಕ್ಕಿತಲ್ಲ, ಅದು ಎರಡು ವಾರದಲ್ಲಿ ಬೆಳೆದದ್ದಾ? ನೀವು ಒಗ್ಗರಣೆ ಹಾಕುವ ಎಷ್ಟೋ ತಿಂಗಳ ಮೊದಲೇ ಅದು ಅಲ್ಲಿತ್ತು.”

“ಬರೆದು ಕೊಡ್ತೀರಾ?”

“ಎಂತ?”

“ಒಗ್ಗರಣೆಯಿಂದ ಆದದ್ದಲ್ಲ ಎಂದು. ಕನ್ನಡದಲ್ಲಿ.”

ಅವರು ನನ್ನನ್ನೊಮ್ಮೆ ನೋಡಿ, ಮದ್ದಿನ ಚೀಟಿಯ ಮೇಲೆ ದುಂಡಗೆ ಬರೆದುಕೊಟ್ಟರು. ‘ಈ ರೋಗಕ್ಕೂ ಒಗ್ಗರಣೆಗೂ ಯಾವ ಸಂಬಂಧವೂ ಇರುವುದಿಲ್ಲ.’ ಕೆಳಗೆ ರುಜು.

ಮರಳಿ ಬರುವ ಬಸ್ಸಿನಲ್ಲಿ ಮಾವ, “ಎಂತ ಹೇಳಿದರು? ಮುಚ್ಚಿಡಬೇಡ” ಎಂದರು. ಮುಚ್ಚಿಡಲಿಲ್ಲ, ಕೇಳಿದ್ದಷ್ಟನ್ನೂ ಹೇಳಿದೆ.

“ಅಂದರೆ ಒಗ್ಗರಣೆಯಿಂದ ಅಲ್ಲ.”

“ಅಲ್ಲ ಮಾವ.”

“ಹಾಗಾದರೆ ಮನೆಗೆ ಹೋಗಿ ಹಾಕು ಮಾರಾಯ್ತಿ.”

ಮಂಗಳೂರಿನ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದೆವು. ಹೊಟ್ಟೆಯ ನೀರು ತೆಗೆದರು, ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಿದರು. ಮೂಡುಬಿದಿರೆಯ ಡಾಕ್ಟರು ಹೇಳಿದ್ದೇ ಸರಿಯಾಯಿತು. ಗಡ್ಡೆ ಎರಡೂ ಬದಿಗೆ ಹರಡಿದೆ, ಕೊಯ್ದು ತೆಗೆಯುವ ಹಾಗಿಲ್ಲ, ಮನೆಗೆ ಕರೆದುಕೊಂಡು ಹೋಗಿ, ಅವರಿಗೆ ಏನು ಸೇರುತ್ತದೋ ಅದನ್ನು ಸ್ವಲ್ಪ ಸ್ವಲ್ಪ ಕೊಡಿ ಎಂದರು. ನಾನು ಅತ್ತುಬಿಟ್ಟೆ. ಅತ್ತು ಮುಗಿಸಿ, ಮುಖ ತೊಳೆದು, ಬಸ್ಸು ಹತ್ತಿದೆ. ಏನು ಸೇರುತ್ತದೋ ಅದನ್ನು ಕೊಡುವುದು ಇನ್ನು ನನ್ನ ಕೆಲಸ, ಅದಕ್ಕೆ ಅಟ್ಟದ ಮೇಲಿನ ಡಬ್ಬಿಗಳು ಕೆಳಗಿಳಿಯಬೇಕು. ಕದ್ದು ಇಳಿಸುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡೆ. ಅತ್ತೆಯ ಕೈಯಿಂದಲೇ ಇಳಿಯಬೇಕು.

ಅತ್ತೆಗೆ ಓದಲು ಬಾರದು. ಚೀಟಿಯನ್ನು ನಾನೇ ಓದಿ ಹೇಳಿದೆ. “ಬಾಯಿ ನಿನ್ನದು, ಕಾಗದವೂ ನಿನ್ನದು. ನಿನಗೆ ಬೇಕಾದ್ದನ್ನು ಓದ್ತೀ” ಎಂದರು. ಆ ಮಾತು ಸುಳ್ಳೆಂದು ಹೇಳುವುದಾದರೂ ಹೇಗೆ? ಚೀಟಿ ಮಡಚಿಟ್ಟೆ. ಮರುದಿನದಿಂದ ಒಂದೇ ಪಟ್ಟು ಹಿಡಿದೆ. “ಅತ್ತೆ, ಒಮ್ಮೆ ಕೈ ಇಟ್ಟು ನೋಡಿ.” ಮದ್ದು ಕೊಡುವವರು ರೋಗಿಯ ಮೈ ಮುಟ್ಟಬಾರದು, ಅದು ಅವರ ತಾಯಿಯಿಂದ ಬಂದ ಕಟ್ಟಳೆ. ಹಾಗೆಂದು ಬೈದರು. ಮರುದಿನ ಮತ್ತೆ ಹೇಳಿದೆ, ಅದರ ಮರುದಿನವೂ. ಊಟ ಬಡಿಸುವಾಗ ಹೇಳಿದೆ, ಬಟ್ಟೆ ಒಗೆಯುವಾಗ ಹೇಳಿದೆ. “ನೊಣದ ಹಾಗೆ ಗುಂಯ್‌ಗುಡ್ತಾಳೆ” ಎಂದು ಮಾವನ ಹತ್ತಿರ ದೂರು ಹೋಯಿತು. ಮಾವ, “ಮುಟ್ಟಿ ನೋಡು. ನಾನು ನಿನಗೆ ರೋಗಿ ಮಾತ್ರವಾ?” ಎಂದರು.

ಅತ್ತೆ ಮಂಚದ ಅಂಚಿಗೆ ಕೂತರು. ನಾನು ಅವರ ಅಂಗೈಯನ್ನು ಹಿಡಿದು ಜಾಗಕ್ಕೆ ಇಟ್ಟೆ, ಡಾಕ್ಟರು ನನ್ನದನ್ನು ಇಟ್ಟ ಹಾಗೆ. “ಮಾವ, ಉಸಿರೆಳೆಯಿರಿ” ಎಂದೆ. ಅತ್ತೆಯ ಬೆರಳು ಒಮ್ಮೆ ಹಿಂದೆ ಸರಿದು ಮತ್ತೆ ಅಲ್ಲೇ ಹೋಗಿ ನಿಂತಿತು. ಮೇಲೆ, ಕೆಳಗೆ, ನಡುಭಾಗದವರೆಗೆ ಅವರು ತಾವೇ ತಡವುತ್ತಾ ಹೋದರು. ಎಷ್ಟೋ ವರ್ಷ ಸೊಪ್ಪು ಆರಿಸಿದ ಕೈ ಅದು, ಅದಕ್ಕೆ ವಿವರಣೆ ಬೇಕಾಗಲಿಲ್ಲ. ಎದ್ದು ಹೋಗಿ ಬಾವಿಕಟ್ಟೆಯಲ್ಲಿ ಕೂತವರು ಸಂಜೆಯವರೆಗೆ ಒಳಗೆ ಬರಲಿಲ್ಲ. ಗೆದ್ದೆನೆಂಬ ಭಾವನೆ ನನಗೆ ಬರಬೇಕಿತ್ತು, ಬರಲಿಲ್ಲ. ಅವರ ಕಣ್ಣೆದುರು ಆಗ ಮಾವ ಒಬ್ಬರೇ ಇರಲಿಲ್ಲ ಎಂದು ನನಗೆ ಅನಿಸಿತು. ಜಗಲಿಯಲ್ಲಿ ತಲೆ ತಗ್ಗಿಸಿ ನಿಂತ ಹೆಂಗಸರೆಲ್ಲ ಇದ್ದಿರಬೇಕು.

ಮರುದಿನ ನಾನು ಒಲೆ ಹೊತ್ತಿಸಲು ಹೋದಾಗ ಸಾಸಿವೆಯ ಡಬ್ಬಿ ಒಲೆಯ ಪಕ್ಕದಲ್ಲಿ, ಅದರ ಹಳೆಯ ಜಾಗದಲ್ಲಿತ್ತು. ಪಕ್ಕದಲ್ಲಿ ಎಣ್ಣೆಯ ಕುಪ್ಪಿ. ಅತ್ತೆ ಅಂಗಳ ಗುಡಿಸುತ್ತಿದ್ದರು, ನನ್ನ ಕಡೆ ನೋಡಲಿಲ್ಲ. ನಾನು ಹುರುಳಿ ಬೇಯಲು ಇಟ್ಟೆ.

ಮಾವ ಆಮೇಲೆ ಎರಡು ತಿಂಗಳು ಇದ್ದರು. ಹುರುಳಿ ಸಾರು ಮೊದಲು ಅರ್ಧ ಬಟ್ಟಲು, ಮತ್ತೆ ನಾಲ್ಕು ಚಮಚ, ಕೊನೆಕೊನೆಗೆ ನಾಲಗೆಗೆ ತಾಗುವಷ್ಟು. ಆದರೆ ಒಗ್ಗರಣೆಯ ಸದ್ದು ದಿನವೂ ಅವರಿಗೆ ಕೇಳಬೇಕಿತ್ತು. ಕೇಳಿಸಿದೆ. ನೋವಿಗೆ ಮೂಡುಬಿದಿರೆಯ ಡಾಕ್ಟರು ಕೊಟ್ಟ ಮಾತ್ರೆಯನ್ನು ಅತ್ತೆ ತಮ್ಮ ಕೈಯಿಂದಲೇ ಕೊಟ್ಟರು. ಮಾವ ಹೋದ ದಿನ ಪೇಟೆಯಿಂದ ಹೊರಟ ಬಸ್ಸುಗಳೆಲ್ಲ ನಮ್ಮ ಮನೆಯ ಎದುರು ಒಂದು ಗಳಿಗೆ ನಿಂತು ಹೋದವು.

ಬಹಳ ವರ್ಷಗಳ ಮೇಲೆ, ಆರೋಗ್ಯದ ಬಗ್ಗೆ ಹೇಳುವವರು ಎಲ್ಲಿ ಸಿಕ್ಕಿದರೂ ನಾನು ಬಿಡದೆ ಕೇಳಿ ಕೇಳಿ ತಿಳಿದುಕೊಂಡೆ. ಕಾಮಾಲೆಯಲ್ಲಿ ಹಲವು ಬಗೆ. ಹೆಚ್ಚಿನವು ವಿಶ್ರಾಂತಿ ಸಿಕ್ಕಿದರೆ ಕೆಲವು ವಾರಗಳಲ್ಲಿ ತಾವಾಗಿ ಇಳಿಯುತ್ತವೆ. ಅತ್ತೆಯ ಹೆಸರು ಬೆಳೆದದ್ದು ಅವುಗಳಿಂದ. ಇನ್ನೊಂದು ಬಗೆಯದು ರಕ್ತದಲ್ಲಿ ಸೇರಿ, ಏನೂ ತೋರಿಸದೆ ಎಷ್ಟೋ ವರ್ಷ ಅಡಗಿದ್ದು, ಕೆಲವರಲ್ಲಿ ಪಿತ್ತಜನಕಾಂಗವನ್ನು ಗಂಟುಗಂಟಾಗಿಸಿ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಕುಡಿತವೂ ಮಾಡುತ್ತದೆ, ಬೂಸಲು ಹಿಡಿದ ನೆಲಗಡಲೆಯಂಥ ಕಾಳುಗಳ ವಿಷವೂ ಮಾಡಬಹುದು. ಆದರೆ ಕುಡಿಯದವರಿಗೂ ಬರುತ್ತದೆ. ಮಾವನಿಗೆ ಯಾವುದರಿಂದ ಬಂತೆಂದು ಯಾರೂ ಹೇಳಲಾರರು. ಈಗ ಆ ರಕ್ತದ ಕಾಮಾಲೆಗೆ ಲಸಿಕೆ ಇದೆ, ಗಡ್ಡೆ ಸಣ್ಣದಿರುವಾಗಲೇ ಕಂಡುಹಿಡಿಯುವ ಯಂತ್ರವಿದೆ. ಹೊತ್ತಿಗೆ ಸರಿಯಾಗಿ ಹೋದರೆ ಕೆಲವರು ಉಳಿಯುತ್ತಾರೆ. ಈ ಪಟ್ಟಿಯಲ್ಲಿ ಎಲ್ಲಿ ಹುಡುಕಿದರೂ ಒಂದು ಚಮಚ ಒಗ್ಗರಣೆ ನನಗೆ ಸಿಗಲಿಲ್ಲ.

ಮಾವ ತೀರಿಕೊಂಡ ವರ್ಷ ಅತ್ತೆ ಯಾರಿಗೂ ಮದ್ದು ಕೊಡಲಿಲ್ಲ. ಆಮೇಲೆ ಮೊದಲು ಬಂದವರು ಕೊಕ್ಕಡದ ಕಡೆಯ ಒಬ್ಬ ಹಿರಿಯರು, ಜೊತೆಗೆ ಅವರ ಸೊಸೆ. ಸೊಸೆಯ ಕೈಯಲ್ಲಿ ಕರಟ. ಅತ್ತೆ ಅಗುಳನ್ನು ಬಿಸಿಲಿಗೆ ಹಿಡಿದು ನೋಡಿದರು. ಹಳದಿಯಾಗಿತ್ತು. ಕರಟವನ್ನು ಬದಿಗಿಟ್ಟು, “ಊಟ ಸೇರ್ತದಾ? ಮೈ ಇಳಿದದ್ದು ಯಾವಾಗಿಂದ?” ಎಂದು ಕೇಳಿದರು. ಇಂಥ ಪ್ರಶ್ನೆ ಅವರು ಹಿಂದೆ ಯಾರಿಗೂ ಕೇಳಿದ್ದಿಲ್ಲ. ಆಮೇಲೆ ಆ ಹಿರಿಯರನ್ನು ಜಗಲಿಯ ಬೆಂಚಿನಲ್ಲಿ ಮಲಗಲು ಹೇಳಿ, ಬಲಪಕ್ಕೆಯ ಕೆಳಗೆ ಅಂಗೈ ಇಟ್ಟು, “ಉಸಿರು ಎಳೀರಿ” ಎಂದರು. ನಾನು ಬಾಗಿಲಲ್ಲಿ ನಿಂತಿದ್ದೆ.

“ಇದು ನನ್ನ ಹಳದಿ ಅಲ್ಲ” ಎಂದರು ಅತ್ತೆ. “ನಾನು ಮದ್ದು ಕೊಡುವುದಿಲ್ಲ. ಇವತ್ತೇ ಮೂಡುಬಿದಿರೆಗೆ ಹೋಗಿ. ಡಾಕ್ಟ್ರ ಮನೆ ಎಲ್ಲಿ ಎಂದು ನನ್ನ ಸೊಸೆ ಹೇಳ್ತಾಳೆ.”

ಆ ಹುಡುಗಿ ಕಂಬ ಹಿಡಿದು ಅಳತೊಡಗಿದಳು. ನನಗಿಂತ ನಾಲ್ಕು ವರ್ಷ ಸಣ್ಣವಳಿರಬೇಕು. “ಅಮ್ಮಾ, ನಾನು ಮೊನ್ನೆ ಇವರಿಗೆ ಒಂದು ಹಪ್ಪಳ ಕರಿದು ಕೊಟ್ಟಿದ್ದೆ. ಕೇಳಿದರು ಎಂದು ಕೊಟ್ಟೆ. ಅದರಿಂದಲೇ ಆಯಿತಾ?”

ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟರು. ಮಾತಾಡಿದ್ದು ಅವಳ ಹತ್ತಿರ, ಆದರೆ ಸ್ವರ ಮಾತ್ರ ಬಾಗಿಲಲ್ಲಿ ನಿಂತ ನನಗೂ ಕೇಳುವಷ್ಟು ದೊಡ್ಡದಿತ್ತು.

“ಅಲ್ಲ ಮಗಾ. ಕೇಳಿದ್ದನ್ನು ಕೊಡು. ನನ್ನ ಮನೆಯಲ್ಲಿಯೂ ಒಬ್ಬಳು ಕೊಟ್ಟಿದ್ದಳು. ಅವಳದ್ದು ತಪ್ಪಿರಲಿಲ್ಲ, ತಪ್ಪು ನನ್ನದು.”